ಬೀಗಿತ್ತಿ ಮಾಡಿಟ್ಟುಹೋದ ಕಡುಬು

ಚಳ್ಳಕೆರೆಯ ಮನೆಗೆ ಬಂದ ಎರಡನೆಯ ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿದ್ದ ಬಿಳಿ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಒಳಗಿನಿಂದ ಹೊಗೆ ಬಂತು. ಬೆಂಕಿ ಇಲ್ಲದ ಕಡೆ ಹೊಗೆ ಬರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೈ ಹಾಕಿದರೆ ಬೆರಳು ಸುಟ್ಟಂತಾಯಿತು, ಆದರೆ ಅದು ಚಳಿ. ಹೊಗೆ ಇಳಿದ ಮೇಲೆ ನೋಡಿದರೆ ತಳದಲ್ಲಿ ಮೂರು ಪ್ಲಾಸ್ಟಿಕ್ ಚೀಲಗಳು. ಅವುಗಳ ತುಂಬ ಕಿವಿಯ ಆಕಾರದ ಕಡುಬುಗಳು. ಒಂದನ್ನು ತೆಗೆದು ಕಟ್ಟೆಯ ಮೇಲೆ ಹಾಕಿದೆ. ಬೆಣಚುಕಲ್ಲು ಬಿದ್ದ ಸದ್ದಾಯಿತು.

ಮಕ್ಕಳೇ, ಆಗ ನಿಮ್ಮಲ್ಲಿ ದೊಡ್ಡವಳು ಎರಡು ತಿಂಗಳ ಕೂಸು. ಚಿಕ್ಕವನು ಇನ್ನೂ ಹುಟ್ಟಿರಲಿಲ್ಲ. ನಿಮ್ಮ ಅಮ್ಮ ಹಸಿ ಬಾಣಂತಿ. ನಮ್ಮ ಕಡೆ ಬಾಣಂತಿ ತಂಗಳು ಮುಟ್ಟಬಾರದು. ತಾಯಿ ತಣ್ಣಗಿನದು ತಿಂದರೆ ಕೂಸಿನ ಎದೆಗೆ ಶೀತ ಇಳಿಯುತ್ತದೆ ಎಂದು ನನ್ನ ಅತ್ತೆ ಹೇಳಿದ್ದರು, ಅವರಿಗೆ ಅವರ ಅತ್ತೆ ಹೇಳಿದ್ದರು. ನನ್ನ ಲೆಕ್ಕದಲ್ಲಿ ನಿನ್ನೆಯ ಅನ್ನ ತಂಗಳು. ಇದು ಎಷ್ಟು ದಿನದ್ದೋ ದೇವರಿಗೇ ಗೊತ್ತು, ಮೈಮೇಲೆ ಬೂದಿ ಬಳಿದ ಹಾಗೆ ಮಂಜು ಹಿಡಿದಿತ್ತು. ನನಗೆ ಗಾಬರಿಯಾಯಿತು. ಇದನ್ನು ತಾಯಿ ತಿಂದದ್ದಕ್ಕೇ ಕೂಸು ಹಿಂದಿನ ದಿನವೆಲ್ಲ ಸೀನಿತೇನೋ ಎನಿಸಿತು.

ಮೂರೂ ಚೀಲಗಳನ್ನು ಬಕೆಟ್ಟಿಗೆ ಸುರಿದು ಬಿಸಿನೀರು ಹೊಯ್ದೆ. ಸ್ವಲ್ಪ ಹೊತ್ತಿಗೆ ಕಡುಬುಗಳು ಮೆತ್ತಗಾಗಿ, ಬಾಯಿ ಬಿಟ್ಟು, ಒಂದಕ್ಕೊಂದು ಅಂಟಿ ಗಂಜಿಯಂತಾದವು. ನೀರು ಹಸಿರಾಯಿತು. ಸಬ್ಬಸಿಗೆ ಸೊಪ್ಪಿನ ವಾಸನೆ ಬಂತು. ನಿಮ್ಮ ಅಮ್ಮನ ದೇಶದಲ್ಲೂ ಸಬ್ಬಸಿಗೆ ಇರುತ್ತದೆಯೇ ಎಂದು ಒಂದು ಗಳಿಗೆ ಯೋಚಿಸಿದೆ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಬಕೆಟ್ಟನ್ನು ಹಿತ್ತಲ ಗೋಡೆಯ ಆಚೆಗೆ ಎತ್ತಿ ಕೊಟ್ಟೆ. ಪಕ್ಕದ ಮನೆಯ ತಿಪ್ಪಮ್ಮ ತನ್ನ ಎಮ್ಮೆಗೆಂದು ಬೀದಿಯ ನಾಲ್ಕು ಮನೆಯ ಕಲಗಚ್ಚು ಇಸಿದುಕೊಳ್ಳುತ್ತಿದ್ದಳು. ಹತ್ತಿರದ ನನ್ನಿವಾಳ ಹಳ್ಳಿಯ ಹೆಣ್ಣು, ಬಾಯಿ ದೊಡ್ಡದು.

"ಬಂದ ಎರಡೇ ದಿನಕ್ಕೆ ಎಮ್ಮೆ ಹೊಟ್ಟೆ ನೆನೆಸಿಕೊಂಡ್ರಲ್ಲ ಅಕ್ಕಾ" ಎಂದಳು. "ಆ ಚೀನಾದ ಅಮ್ಮ ಎರಡು ತಿಂಗ್ಳಿದ್ರು. ಒಂದು ಹಿಡಿ ತೌಡಿನಷ್ಟೂ ಈ ಕಡೆ ಬರ್ಲಿಲ್ಲ. ಎಲ್ಲಾ ಮುಚ್ಚಿ ಮುಚ್ಚಿ ಇಡೋರು."

ನಾನು ನಕ್ಕೆ. ಮನೆಗೆ ಒಳ್ಳೆಯದೊಂದು ಮಾಡಿದೆನೆಂದು ನನ್ನ ಮನಸ್ಸು ಹಗುರವಾಗಿತ್ತು.

ನನ್ನ ಊರು ನಿಮಗೆ ಗೊತ್ತು. ಮೊಳಕಾಲ್ಮುರು ದಾಟಿ ಆಂಧ್ರದ ಗಡಿಗೆ ಒತ್ತಿಕೊಂಡ ಹಳ್ಳಿ. ಮನೆಯ ಮಾಳಿಗೆ ಹತ್ತಿದರೆ ಜಟಿಂಗ ರಾಮೇಶ್ವರನ ಬೆಟ್ಟ ಕಾಣುತ್ತದೆ. ಅಂಗಡಿಗೆ ಹೋದರೆ ತೆಲುಗು, ಮನೆಗೆ ಬಂದರೆ ಕನ್ನಡ. ಜಗಳಕ್ಕೆ ಯಾವುದು ಮೊದಲು ಬಾಯಿಗೆ ಬಂದರೆ ಅದು. ಅಲ್ಲಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದೆ. ಅಲ್ಲಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಒಂದೂವರೆ ಗಂಟೆಯ ದಾರಿಗೆ ವಲಸೆ ಎನ್ನುತ್ತಾರೆಯೇ ಎಂದು ನೀವು ನಗಬಹುದು. ನಾನು ಬಂದಿಳಿದದ್ದು ಚಳ್ಳಕೆರೆಗೆ ನಿಜ. ಆದರೆ ಆ ಅಡುಗೆಮನೆಯ ಹೊಸ್ತಿಲು ದಾಟಿದರೆ ಅದು ಯಾವ ಊರೋ ನನಗೆ ತಿಳಿಯುತ್ತಿರಲಿಲ್ಲ.

ನಿಮ್ಮ ಅಪ್ಪ ಪ್ರಸಾದ ಶೇಂಗಾ ಸುಲಿಯುವ ಯಂತ್ರ ತರಿಸಿ ಮಾರುವ ಕೆಲಸಕ್ಕೆಂದು ಚೀನಾಕ್ಕೆ ಹೋಗಿ ಮೂರು ವರ್ಷ ಇದ್ದ. ಅಲ್ಲಿ ಶಾನ್‌ದೊಂಗ್ ಎಂಬ ಸೀಮೆ ಇದೆಯಂತೆ. ನಮ್ಮ ಚಳ್ಳಕೆರೆಯ ಹಾಗೆ ಅಲ್ಲಿಯೂ ಕಣ್ಣು ಹಾಯಿಸಿದಷ್ಟು ದೂರ ಶೇಂಗಾ ಹೊಲ, ಎಣ್ಣೆಯ ಗಾಣ. ಯಂತ್ರ ಮಾಡುವವರ ಕಚೇರಿಯಲ್ಲಿ ಕಾಗದ ಪತ್ರ ನೋಡಿಕೊಳ್ಳುತ್ತಿದ್ದವಳು ಯೂಲಾನ್, ನಿಮ್ಮ ಅಮ್ಮ. ಅವರು ಮದುವೆಯಾಗಿ ಬಂದಾಗ ನಿಮ್ಮ ತಾತ ಎಂಟು ತಿಂಗಳು ಮಗನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾವೇ ಒಂದು ಚೀಲ ಹಸಿ ಶೇಂಗಾ ಹೊರಿಸಿಕೊಂಡು ಚಳ್ಳಕೆರೆಗೆ ಹೋಗಿ ಬಂದರು. ಅಲ್ಲಿ ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಆ ವರ್ಷವೇ ತೀರಿಕೊಂಡರು.

ವರ್ಷದ ಪೂಜೆ ಮುಗಿಯುವವರೆಗೆ ನಾನು ಊರು ಬಿಡುವಂತಿರಲಿಲ್ಲ. ಹಾಗಾಗಿ ಬಾಣಂತನಕ್ಕೆ ನಿಮ್ಮ ಅಮ್ಮನ ತಾಯಿಯೇ ಶಾನ್‌ದೊಂಗಿನಿಂದ ಬಂದರು. ಅವರನ್ನು ನೀವು 'ಲಾವ್‌ಲಾವ್' ಎನ್ನುತ್ತೀರಿ. ಅವರ ಮಾತಿನಲ್ಲಿ ತಾಯಿಯ ತಾಯಿ ಎಂದರ್ಥ. ನನಗೆ ಅವರು ಬೀಗಿತ್ತಿ. ಅವರು ವಾಪಸು ಹೋದ ಮೂರನೆಯ ದಿನ ನಾನು ಬಂದೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಮಲಗಿದ್ದ ಹಾಸಿಗೆಯಲ್ಲಿ ನಾನು ಮಲಗಿದೆ, ಅವರು ಗೂಟಕ್ಕೆ ಹಾಕಿ ಬಿಟ್ಟುಹೋದ ಟವೆಲಿನಲ್ಲಿ ಕೈ ಒರೆಸಿದೆ.

ಆ ದಿನ ಹನ್ನೊಂದು ಗಂಟೆಗೆ ನಿಮ್ಮ ಅಮ್ಮ ಕೂಸನ್ನು ಮಲಗಿಸಿ ಅಡುಗೆಮನೆಗೆ ಬಂದಳು. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಒಲೆ ಹಚ್ಚಿದಳು. ನಂತರ ಪೆಟ್ಟಿಗೆಯ ಮುಚ್ಚಳ ತೆಗೆದಳು. ತೆಗೆದವಳು ಹಾಗೇ ನಿಂತಳು. ಒಳಗೆ ತಲೆ ಹಾಕಿ ನೋಡಿದಳು. ಮೋರಿಯ ಪಕ್ಕದಲ್ಲಿ ನಾನು ಮಡಿಸಿಟ್ಟಿದ್ದ ಖಾಲಿ ಚೀಲಗಳನ್ನು ನೋಡಿದಳು. ನನ್ನ ಕಡೆ ತಿರುಗಿ, "ಅವ್ವ?" ಎಂದಳು. ಅವಳ ಬಾಯಿಂದ ಅಲ್ಲಿಯವರೆಗೆ ನಾನು ಕೇಳಿದ್ದ ಕನ್ನಡ ಹತ್ತೋ ಹನ್ನೆರಡೋ ಮಾತು.

ನಾನು ಕೈ ತಿರುಗಿಸಿ ತೋರಿಸಿದೆ: ತಂಗಳು, ಕೂಸಿಗೆ ಶೀತ. ನೆಗಡಿಯಾದವಳಂತೆ ಮೂಗು ಎಳೆದು ತೋರಿಸಿದೆ. ಹಿತ್ತಲ ಗೋಡೆಯ ಕಡೆ ಬೆರಳು ಮಾಡಿದೆ. ಗೋಡೆಯ ಆಚೆ ಎಮ್ಮೆ ಬಾಲ ಬೀಸುತ್ತಿತ್ತು.

ಅವಳು ಕೂಗಾಡಲಿಲ್ಲ. ಅತ್ತಿದ್ದರೂ ನನಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ಅವಳು ಒಲೆ ಆರಿಸಿದಳು. ಮೂರು ಚೀಲಗಳನ್ನೂ ತೊಳೆದು, ಒಂದೊಂದಾಗಿ ಹಗ್ಗಕ್ಕೆ ಹಾಕಿ, ಹೋಗಿ ಕೂಸಿನ ಪಕ್ಕ ಮಲಗಿದಳು.

ಮಧ್ಯಾಹ್ನ ಊಟಕ್ಕೆ ಬಂದ ನಿಮ್ಮ ಅಪ್ಪ ಒಳಗೆ ಹೋಗಿ ಅವಳ ಜೊತೆ ಅವರ ಮಾತಿನಲ್ಲಿ ಏನೋ ಆಡಿ ಹೊರಗೆ ಬಂದ. ಅವನ ಮುಖ ನೋಡಿ ನಾನು ಅನ್ನ ಬಡಿಸುವ ಕೈ ನಿಲ್ಲಿಸಿದೆ.

"ಅವ್ವ, ಅದನ್ನ ಎಮ್ಮೆಗೆ ಹಾಕಿದ್ಯಾ?"

"ತಂಗಳು ಕಣಪ್ಪ. ಎಷ್ಟು ದಿನದ್ದೋ ಏನೋ."

"ತಂಗಳಲ್ಲವ್ವ. ಬೇಯಿಸೇ ಇರ್ಲಿಲ್ಲ ಅದು. ಹಸೀದು. ಹಿಟ್ಟೂ ಹಸಿ, ಹೂರಣಾನೂ ಹಸಿ. ತಿನ್ನೋವಾಗ ಕುದಿಯೋ ನೀರಿಗೆ ಹಾಕೋದು." ಅವನು ಗೋಡೆಗೆ ಒರಗಿ ಕೂತ. "ಅತ್ತೆ ಹೋಗೋ ಮುಂಚೆ ನಾಲ್ಕು ದಿನ ಕೂತು ಮಾಡಿಟ್ಟು ಹೋದ್ರು. ಮಗಳಿಗೆ ಎದೆಹಾಲು ಆಗ್ಲಿ ಅಂತ ಸಬ್ಸಿಗೆ ಹಾಕಿದ್ರು. ನೀನು ಬರ್ತೀಯ, ಮಾಂಸ ತಿನ್ನೋದಿಲ್ಲ ಅಂತ ಮಾಂಸ ಮುಟ್ಟಿದ ಮಣೆ ಕೂಡ ಬೇರೆ ಎತ್ತಿಟ್ಟು, ಹೊಸಾ ಮಣೆ ತರ್ಸಿಕೊಂಡ್ರು."

ಬಾಣಂತಿಗೆ ಹಾಲು ಬರಲೆಂದು ನಾವು ಕೊಡುವುದೂ ಸಬ್ಬಸಿಗೆಯೇ. ನಾನು ಊರಿಂದ ಹೊರಡುವಾಗ ಚೀಲದಲ್ಲಿ ಎರಡು ಕಟ್ಟು ಕಟ್ಟಿಕೊಂಡು ಬಂದಿದ್ದೆ.

ಸಂಜೆ ಗೋಡೆಯ ಆಚೆಯಿಂದ ತಿಪ್ಪಮ್ಮನ ದನಿ ಬಂತು. "ಅಕ್ಕಾ, ಏನ್ ಹಾಕಿದ್ರಿ? ಎಮ್ಮೆ ಇವತ್ತು ಒಂದು ಲೋಟ ಹಾಲು ಹೆಚ್ಚಿಗೆ ಕೊಡ್ತು." ನಾನು ಕಿಟಕಿ ಮುಚ್ಚಿದೆ.

ಆಮೇಲಿನ ದಿನಗಳು ಹೇಗೆ ಕಳೆದವೆಂದು ಸರಿಯಾಗಿ ಬರೆಯಲು ನನಗೆ ಬಾರದು. ನಿಮ್ಮ ಅಮ್ಮ ನಾನು ಮಾಡಿದ್ದನ್ನು ಬಡಿಸಿದಷ್ಟು ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ನನಗೆ ಎದುರಾದರೆ ತಲೆ ತಗ್ಗಿಸುತ್ತಿದ್ದಳು. ಅದು ಮರ್ಯಾದೆಯೋ ಮುನಿಸೋ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ಸಿಟ್ಟು ಬಂದರೆ ಪಾತ್ರೆಯ ಸದ್ದು ಕೇಳಿಸುತ್ತದೆ. ಈ ಮನೆಯಲ್ಲಿ ಪಾತ್ರೆಗಳು ಸದ್ದೇ ಮಾಡುತ್ತಿರಲಿಲ್ಲ. ಊರಲ್ಲಿ ನನ್ನ ವಾರಗಿತ್ತಿ ಮತ್ತು ನಾನು ದಿನಕ್ಕೆರಡು ಸಲ ಜಗಳವಾಡಿ ರಾತ್ರಿ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದೆವು. ಇಲ್ಲಿ ಜಗಳವಾಡಲು ಮಾತೇ ಇರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅವಳ ಹಾಲು ಕಡಿಮೆಯಾಯಿತು. ಕೂಸು ಮೊಲೆ ಬಿಟ್ಟು ಅಳುತ್ತಿತ್ತು. ಒಂದು ಬೆಳಿಗ್ಗೆ ಪ್ರಸಾದ ಷರಟಿನ ಗುಂಡಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದ: "ತವರಿಗೆ ಹೋಗ್ತೀನಿ ಅಂತಾಳೆ ಅವ್ವ. ಕೂಸು ಕರ್ಕೊಂಡು."

"ಎಷ್ಟು ದಿನಕ್ಕೆ?"

"ಅದು ಹೇಳ್ಲಿಲ್ಲ."

ಅವನು ಹೋದ ಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತಿದ್ದೆ. ಹೋದವಳು ಬಾರದಿದ್ದರೆ ಈ ಕೂಸು ನನ್ನನ್ನು ಏನೆಂದು ಕರೆಯುತ್ತದೆ? ಕರೆಯುವುದೇ ಇಲ್ಲವಲ್ಲ. ಅದಕ್ಕೆ ನನ್ನ ಮುಖದ ನೆನಪೂ ಉಳಿಯುವುದಿಲ್ಲ. ಇದೆಲ್ಲ ಒಂದು ಬಕೆಟ್ ಕಲಗಚ್ಚಿನಿಂದ.

ಕ್ಷಮೆ ಕೇಳೋಣವೆಂದರೆ ಮಾತಿಲ್ಲ. ಮಗನ ಬಾಯಿಂದ ಹೇಳಿಸಲು ನಾಚಿಕೆ. ಆದ್ದರಿಂದ ನನಗೆ ತಿಳಿದ ಒಂದೇ ದಾರಿ ಹಿಡಿದೆ. ಕಡುಬು ಮಾಡಲು ನನಗೆ ಬಾರದೆ? ಮದುವೆಯಾದಾಗಿನಿಂದ ಮಾಡಿದ್ದೇನೆ. ಅವಳು ಮಧ್ಯಾಹ್ನ ಮಲಗಿದಾಗ ಮಾಡಿ, ಆ ಮೂರು ಚೀಲ ತುಂಬಿಸಿ ಪೆಟ್ಟಿಗೆಯಲ್ಲಿಟ್ಟರೆ ಅವಳೇ ಒಂದು ದಿನ ಮುಚ್ಚಳ ತೆಗೆದು ನೋಡುತ್ತಾಳೆ ಎಂದುಕೊಂಡೆ.

ಮೊದಲ ದಿನ ನಮ್ಮ ರೀತಿಯಲ್ಲೇ ಅಕ್ಕಿಹಿಟ್ಟು ಬೇಯಿಸಿ ನಾದಿ ಮಾಡಿದೆ. ಮರುದಿನ ಪೆಟ್ಟಿಗೆಯಲ್ಲಿ ಅವು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದ್ದವು. ಎರಡನೆಯ ಸಲ ಮೈದಾ ನಾದಿ ಎಲೆಕೋಸು, ಸಬ್ಬಸಿಗೆ ತುಂಬಿದೆ. ಎಲೆಕೋಸು ಉಪ್ಪಿಗೆ ನೀರು ಬಿಟ್ಟುಕೊಂಡು ತಳವೆಲ್ಲ ಒದ್ದೆಯಾಯಿತು. ಮೂರನೆಯ ಸಲ ಆಕಾರವೇನೋ ಬಂತು. ಆದರೆ ಹೊತ್ತಿಲ್ಲವೆಂದು ಎಲ್ಲವನ್ನೂ ಒಂದೇ ಸ್ಟೀಲ್ ತಟ್ಟೆಯಲ್ಲಿ ಒತ್ತೊತ್ತಾಗಿ ಪೇರಿಸಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ. ಮರುದಿನ ಎಲ್ಲವೂ ಒಂದಕ್ಕೊಂದು ಅಂಟಿ ಒಂದೇ ಗಡ್ಡೆಯಾಗಿದ್ದವು.

ಪೆಟ್ಟಿಗೆಯ ವಿಷಯವೂ ನನಗೆ ಸಂಶಯ. ಕೆಟ್ಟಿದೆಯೇನೋ ಎಂದು ಬಾಷಾ ಸಾಬರಿಗೆ ಹೇಳಿಕಳಿಸಿದೆ. ಐಸ್‌ಕ್ರೀಮ್ ಅಂಗಡಿಯ ಹಳೆಯ ಪೆಟ್ಟಿಗೆಯನ್ನು ನಿಮ್ಮ ಅಪ್ಪನಿಗೆ ಕೊಡಿಸಿ ರಿಪೇರಿ ಮಾಡಿಕೊಟ್ಟವರು ಅವರೇ. ಅವರು ಮಂಡಿಯೂರಿ ಹಿಂಭಾಗಕ್ಕೆ ಕಿವಿ ಕೊಟ್ಟು ಕೇಳಿ, ಮುಚ್ಚಳ ತೆಗೆದು ನನ್ನ ತಟ್ಟೆ ನೋಡಿದರು.

"ಅಮ್ಮಾ, ಮಷೀನು ಬಿಲ್ಕುಲ್ ಸರಿ ಐತೆ. ಇದೇನು, ಗಾರೆ ಕಲಸಿ ಇಟ್ಟೀರಿ?"

"ಕಡುಬು ಸಾಹೇಬ್ರೇ."

"ಆ ಚೀನಾ ಅಮ್ಮ ಇಡ್ತಿದ್ರಲ್ಲ, ಅದಾ?" ಅವರು ಗಡ್ಡ ಕೆರೆದುಕೊಂಡರು. "ಅವರು ಇಟ್ಟಿದ್ದು ಹಿಂಗಿರ್ಲಿಲ್ಲ ನೋಡ್ರಿ. ಆಮೇಲೆ, ನಾನು ಮೆಕ್ಯಾನಿಕ್ಕು. ಬಾಣಸಿಗ ಅಲ್ಲ."

ಅವರು ಹೋದ ಮೇಲೆ ತಟ್ಟೆಯನ್ನು ಬಿಸಿಲಿಗಿಟ್ಟೆ. ಕರಗಿಸಿ ಬಿಡಿಸೋಣವೆಂದು. ಕರಗಿತು, ಆದರೆ ಬಿಡಲಿಲ್ಲ. ಚಾಕು ಹಾಕಿ ಎಬ್ಬಿಸಿದೆ, ಹೊಟ್ಟೆ ಒಡೆಯಿತು. ಆಗಲೇ ಬಾಗಿಲಲ್ಲಿ ನಿಮ್ಮ ಅಮ್ಮ ನಿಂತಿದ್ದಳು. ತಟ್ಟೆ ನೋಡಿದಳು, ನನ್ನ ಮೊಣಕೈವರೆಗಿನ ಮೈದಾ ನೋಡಿದಳು. ಅವಳ ಮುಖ ಕೆಂಪಾಯಿತು. ಬಂದವಳೇ ನನ್ನ ಕೈಯಿಂದ ಚಾಕು ಕಿತ್ತುಕೊಂಡು ತನ್ನ ಭಾಷೆಯಲ್ಲಿ ಏನೇನೋ ಬೈದಳು. ಅದು ಸಾಲದೆಂದು ಕನ್ನಡದಲ್ಲೂ ಬೈದಳು. ಆ ಕನ್ನಡವನ್ನು ಅವಳು ಕಲಿತದ್ದು ಶೇಂಗಾ ಮಂಡಿಯ ಹಮಾಲರಿಂದ.

"ಏ, ಕಣ್ಣಿಲ್ವಾ? ಬಿಸಿಲು ಬ್ಯಾಡ. ಒಂದರ ಮ್ಯಾಲೆ ಒಂದು ಬ್ಯಾಡ. ದೂರ ದೂರ ಇಡು."

ನನಗೆ ಸೊಸೆಯಿಂದ ಬೈಸಿಕೊಂಡು ಕಣ್ಣಲ್ಲಿ ನೀರು ಬಂತು. ಅದು ಅವಮಾನವೋ ಸಮಾಧಾನವೋ ಇಂದಿಗೂ ಹೇಳಲಾರೆ. ಕಡೆಗೂ ಒಂದು ಸದ್ದು ಕೇಳಿಸಿತ್ತು.

ಅವಳು ಕಲಿಸಿದ್ದನ್ನು ನಿಮಗೆ ಬರೆದಿಡುತ್ತೇನೆ. ಇದಕ್ಕೆ ಅವರು 'ಜ್ಯಾವ್‌ಜ' ಎನ್ನುತ್ತಾರೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪು ಬೆರೆಸಿ ಬಿಡಬೇಕು. ಆಮೇಲೆ ಬಟ್ಟೆಯಲ್ಲಿ ಕಟ್ಟಿ, ಒಗೆದ ಸೀರೆ ಹಿಂಡಿದಂತೆ ಹಿಂಡಬೇಕು. ಹಿಟ್ಟನ್ನು ತಣ್ಣೀರಲ್ಲಿ ನಾದಿ ಮುಚ್ಚಿಡಬೇಕು. ಲಟ್ಟಿಸುವಾಗ ನಡುವೆ ದಪ್ಪ, ಅಂಚು ತೆಳ್ಳಗೆ. ನಮ್ಮದು ಇದಕ್ಕೆ ವಿರುದ್ಧ: ಕಡುಬಿನ ಅಂಚನ್ನು ನಾವು ಮಡಿಸಿ ಮಡಿಸಿ ದಪ್ಪ ಮಾಡುತ್ತೇವೆ. ಮಾಡಿದ ಮೇಲೆ ಹಿಟ್ಟು ಉದುರಿಸಿದ ಮೊರದಲ್ಲಿ ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ಕೂರಿಸಿ ಪೆಟ್ಟಿಗೆಯಲ್ಲಿಡಬೇಕು. ಪೂರ್ತಿ ಕಲ್ಲಾದ ಮೇಲಷ್ಟೇ ಚೀಲಕ್ಕೆ ತುಂಬುವುದು. ಆಗ ಎಷ್ಟು ತಿಂಗಳಿಟ್ಟರೂ ಒಂದಕ್ಕೊಂದು ಅಂಟುವುದಿಲ್ಲ.

ಬೇಯಿಸುವಾಗ ಕರಗಿಸಕೂಡದು. ನಾನು ಎರಡು ಸಲ ಕೇಳಿದೆ, ಕೈಯಲ್ಲಿ ಹಿಡಿದು ಬಿಸಿ ಮಾಡುವಂತೆ ತೋರಿಸಿ. ಅವಳು ತಲೆಯಾಡಿಸಿದಳು. "ನಿದ್ದೆ ಮಾಡ್ತೈತೆ ಅವ್ವ. ಎಬ್ಬಿಸ್ಬ್ಯಾಡ. ನೀರಾಗೆ ತಾನೇ ಏಳ್ತೈತೆ." ಕಲ್ಲಿನಂತಿದ್ದವನ್ನೇ ಕುದಿಯುವ ನೀರಿಗೆ ಬಿಟ್ಟು ಸೌಟಿನ ಬೆನ್ನಿಂದ ಮೆಲ್ಲಗೆ ತಳ್ಳಿದಳು. ನೀರು ಉಕ್ಕಿ ಬಂದಾಗ ಒಂದು ಬಟ್ಟಲು ತಣ್ಣೀರು ಹೊಯ್ದಳು. ನಾನು ಕೈ ಹಿಡಿಯಲು ಹೋದೆ. ಕುದಿಯುವುದಕ್ಕೆ ತಣ್ಣೀರು ಹಾಕಿದರೆ ಅಡುಗೆ ಸತ್ತುಹೋಗುತ್ತದೆಂದು ನನ್ನ ಅವ್ವ ಹೇಳಿದ್ದಳು. ಅವಳು ಹಾಕಿಯೇ ಬಿಟ್ಟಳು, ಮತ್ತೆ ಕುದಿಸಿದಳು, ಮತ್ತೆ ಹಾಕಿದಳು, ಹೀಗೆ ಮೂರು ಸಲ. ಮೂರನೆಯ ಕುದಿಗೆ ಕಡುಬುಗಳು ಹೊಟ್ಟೆ ಉಬ್ಬಿಸಿಕೊಂಡು ಮೇಲೆ ತೇಲಿದವು. ನನ್ನ ಅವ್ವ ಹೇಳಿದ್ದೂ ಸುಳ್ಳಲ್ಲ, ಇದೂ ಸುಳ್ಳಲ್ಲ. ಹೇಗೆಂದು ಮಾತ್ರ ತಿಳಿಯದು.

ಅವರ ಊರಲ್ಲಿ ಚಳಿಗಾಲಕ್ಕೆ ಇಂಥ ಪೆಟ್ಟಿಗೆಯೇ ಬೇಡವಂತೆ. ಕಿಟಕಿಯಾಚೆಯ ಕಟ್ಟೆಯ ಮೇಲೆ ಮೊರದ ತುಂಬ ಹರಡಿಟ್ಟರೆ ಸಾಕು, ಬಯಲೇ ಕಲ್ಲು ಮಾಡುತ್ತದೆ. ಇದನ್ನು ಅವಳು ಕೈಸನ್ನೆಯಲ್ಲಿ ಹೇಳಿದಾಗ ನನಗೆ ನಮ್ಮ ಮಾಳಿಗೆಯ ಸಂಡಿಗೆ ಕಣ್ಣಿಗೆ ಬಂತು. ನಾವು ಬಿಸಿಲಿನಲ್ಲಿ ಕೂಡಿಡುತ್ತೇವೆ, ಅವರು ಚಳಿಯಲ್ಲಿ. ಇಬ್ಬರಿಗೂ ಕಾಗೆಯ ಕಾಟ ಇದೆಯೇ ಎಂದು ಕೇಳಬೇಕೆನಿಸಿತು. ಕಾಗೆಯನ್ನು ಕೈಯಲ್ಲಿ ತೋರಿಸುವುದು ಹೇಗೆಂದು ಗೊತ್ತಾಗದೆ ಬಿಟ್ಟೆ.

ಅಂದು ಮೊದಲ ಬಾರಿ ತಿಂದೆ. ಹುಣಸೆಹಣ್ಣಿನ ಹುಳಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿಕೊಟ್ಟಳು. ರುಚಿ ಇತ್ತು. ಪರಿಚಯವಿದ್ದವರ ಮನೆಗೆ ಬೇರೆ ಬಾಗಿಲಿನಿಂದ ಒಳಗೆ ಹೋದ ಹಾಗಿತ್ತು.

ಆಮೇಲೆ ಎರಡು ದಿನ ನಿಮ್ಮ ಅಮ್ಮ ಎದ್ದಾಗಲೆಲ್ಲ ಜ್ಯಾವ್‌ಜ ಮಾಡಿದಳು. ನಾನು ಲಟ್ಟಿಸುವುದು, ಅವಳು ಮಡಿಸುವುದು. ನೂರಕ್ಕೆ ಮೇಲಾಯಿತು, ಇನ್ನೂರಾಯಿತು. ಚೀಲಗಳು ತುಂಬಿದವು. ಟಿಕೆಟ್ಟಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮನಸ್ಸು ಬದಲಾಯಿಸಿಕೊಂಡಳು, ಇಲ್ಲೇ ಉಣ್ಣುವ ಸಲುವಾಗಿ ತಾನೇ ಇಷ್ಟು ಕೂಡಿಡುವುದು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಮೂರನೆಯ ದಿನ ಪ್ರಸಾದ ಅಂಗಡಿಯಿಂದ ಬೇಗ ಬಂದ. "ಅವ್ವ, ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಾಳೆ ಬೆಳಿಗ್ಗೆ ಹೊರಡ್ತಾಳೆ."

"ಮತ್ತೆ ಇಷ್ಟೊಂದು ಮಾಡಿದ್ಳಲ್ಲೋ?"

"ನಮಗೆ. ನಿನಗೂ ನನಗೂ."

ಹೊರಡುವ ಬೆಳಿಗ್ಗೆ ಅವಳು ನೀರಿಟ್ಟು, ಚೀಲ ನನ್ನ ಕೈಗೆ ಕೊಟ್ಟಳು. "ಅವ್ವ, ನೀನು ಹಾಕು." ನಾನು ಹಾಕಿದೆ. ಮೂರು ಸಲ ತಣ್ಣೀರು ಹೊಯ್ದೆ. ತಟ್ಟೆ ಮುಂದಿಟ್ಟರೆ ಅವಳು ಗೋಡೆಯ ಕಡೆ ಮುಖ ಮಾಡಿ ಉಂಡಳು, ಎರಡನೆಯ ಸಲ ಬಡಿಸಿಕೊಂಡಳು. ಬೇಯಿಸಿದ ನೀರನ್ನೂ ಬಟ್ಟಲಿಗೆ ಹಾಕಿ ಕುಡಿದಳು. ನಂತರ ಕೂಸನ್ನು ಎತ್ತಿಕೊಂಡು ಕಾರಿನಲ್ಲಿ ಕೂತಳು. ನಾನು ಕೂಸಿನ ಕಾಲು ಮುಟ್ಟಿದೆ. ದೊಡ್ಡವಳೇ, ನೀನು ಆಗ ನಿದ್ದೆಯಲ್ಲಿದ್ದೆ.

ಅವರನ್ನು ಬೆಂಗಳೂರಿನಲ್ಲಿ ವಿಮಾನ ಹತ್ತಿಸಿ ಬಂದ ಮೇಲೆ ಪ್ರಸಾದ ನನಗೆ ಒಂದು ಮಾತು ಹೇಳಿದ. ಅವರ ಕಡೆ ಮನೆಯಿಂದ ಹೊರಡುವವರಿಗೆ ಹಿರಿಯರು ಜ್ಯಾವ್‌ಜ ಉಣಿಸಿ ಕಳಿಸುತ್ತಾರಂತೆ. ಬಂದವರಿಗೆ ಶಾವಿಗೆಯಂತೆ. ಅದು ಪದ್ಧತಿ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಗೊಂದಲ. ಅವಳು ನನ್ನ ಕೈಯಿಂದ ಹಾಕಿಸಿಕೊಂಡು ಉಂಡದ್ದು ನನ್ನನ್ನು ಮನೆಯ ಹಿರಿಯಳೆಂದು ಒಪ್ಪಿಕೊಂಡೇ? ಅಥವಾ, ನೀನೇ ಕಳಿಸಿದೆ ನೋಡು ಎಂದೇ? ಪ್ರಸಾದನನ್ನು ಕೇಳಿದರೆ, "ನನಗೂ ಗೊತ್ತಾಗ್ಲಿಲ್ಲವ್ವ" ಎಂದ. ಮೂರು ವರ್ಷ ಅಲ್ಲಿದ್ದವನಿಗೇ ಗೊತ್ತಾಗದ್ದು ನನಗೇನು ಗೊತ್ತಾದೀತು?

ನಾನು ಊರಿಗೆ ಹೋಗಬಹುದಿತ್ತು. ಬಾಣಂತಿ ಇಲ್ಲದ ಮನೆಯಲ್ಲಿ ನನಗೇನು ಕೆಲಸ? ವಾರಗಿತ್ತಿ ಎರಡು ಸಲ ಹೇಳಿಕಳಿಸಿದಳು. ಆದರೆ ಪೆಟ್ಟಿಗೆ ಬಿಟ್ಟು ಹೋಗಲು ಧೈರ್ಯವಾಗಲಿಲ್ಲ. ಚಳ್ಳಕೆರೆಯಲ್ಲಿ ಆಗ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಕರೆಂಟು ಹೋದ ತಕ್ಷಣ ಪೆಟ್ಟಿಗೆಯ ಮೇಲೆ ಎರಡು ಕಂಬಳಿ ಹೊದಿಸುತ್ತಿದ್ದೆ. ಬೇಸಿಗೆಯಲ್ಲಿ ಪೆಟ್ಟಿಗೆಗೆ ಕಂಬಳಿ ಹೊದಿಸುವವಳನ್ನು ನೋಡಿ ತಿಪ್ಪಮ್ಮ, "ಅದಕ್ಕೂ ಬಾಣಂತನ ಮಾಡ್ತಿದೀರಾ ಅಕ್ಕಾ?" ಎಂದಳು. ಒಳಗಿದ್ದುದನ್ನು ನಾನೂ ಪ್ರಸಾದನೂ ಮುಟ್ಟಲಿಲ್ಲ. ತಿಂದು ಮುಗಿಸಿದರೆ ಅವಳು ಬರುವುದಿಲ್ಲವೇನೋ ಎಂಬ ಭಯ ನನಗೆ. ಅವನಿಗೆ ಏನಿತ್ತೋ.

ನಾಲ್ಕನೆಯ ತಿಂಗಳಲ್ಲಿ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಮೊದಲ ದಿನ ಬಾಷಾ ಸಾಬರು ಸೋಡಾ ಅಂಗಡಿಯಿಂದ ಐಸು ತಂದು ತುಂಬಿದರು. ಎರಡನೆಯ ದಿನವೂ ತಂದರು. ಮೂರನೆಯ ಬೆಳಿಗ್ಗೆ ಮುಚ್ಚಳ ತೆಗೆದು ಒಂದು ಚೀಲವನ್ನು ಒತ್ತಿ ನೋಡಿದರು.

"ಅಮ್ಮಾ, ಇದು ಇನ್ನು ನಿಲ್ಲಲ್ಲ. ಇವತ್ತೇ ಬೇಯಿಸಿಬಿಡ್ರಿ."

"ಅವಳು ಬರ್ಲಿ ಅಂತಿಟ್ಟಿದ್ದೆ ಸಾಹೇಬ್ರೇ."

"ಅವರು ಇಟ್ಟು ಹೋಗಿದ್ದು ಉಣ್ಲಿ ಅಂತ. ಕೊಳೀಲಿ ಅಂತಲ್ಲ."

ಅಷ್ಟೂ ಕಡುಬನ್ನು ಇಬ್ಬರು ಉಣ್ಣಲಾದೀತೆ? ಎಮ್ಮೆಯ ಕಡೆ ನಾನು ತಿರುಗಿಯೂ ನೋಡಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸುವ ಹಂಡೆಯನ್ನೇ ತಿಕ್ಕಿ ಬೆಳಗಿ ಏರಿಸಿದೆ. ನನ್ನಂಥ ಮುಖೇಡಿ, ಊರಲ್ಲಿ ಬೀಗರೆದುರು ನೀರು ಕೇಳಲೂ ಹಿಂಜರಿದವಳು, ಅಂದು ಬೀದಿಯ ಬಾಗಿಲು ಬಾಗಿಲಿಗೆ ಹೋಗಿ ಊಟಕ್ಕೆ ಬನ್ನಿ ಎಂದು ಕರೆದೆ. ಎಲ್ಲರೂ ಬಂದರು. ಬಾಷಾ ಸಾಬರ ಮನೆಯವರೂ ಬಂದರು.

"ಒಳಗೆ ಏನೈತೆ ಅಂತ ಮೊದ್ಲು ಹೇಳಿಬಿಡ್ರಿ ಅಮ್ಮಾ" ಎಂದರು ಅವರು.

"ಸೊಪ್ಪು. ಎಲೆಕೋಸು."

"ಅಷ್ಟೇನಾ? ಹಂಗಾದ್ರೆ ಇನ್ನೊಂದು ನಾಲ್ಕು ಹಾಕ್ರಿ."

ತಿಪ್ಪಮ್ಮ ಒಂದನ್ನು ಬಾಯಿಗಿಟ್ಟು ಸುಟ್ಟುಕೊಂಡು, ಊದಿಕೊಂಡು ತಿಂದು, ನಂತರ ಮೆಲ್ಲಗೆ ನನ್ನನ್ನು ನೋಡಿದಳು. "ಅಕ್ಕಾ, ಅವತ್ತು ಬಕೆಟ್ನಾಗೆ ಇದ್ದಿದ್ದು ಇದೇನಾ?" ನಾನು ಹೌದೆಂದೆ. ಆ ದೊಡ್ಡ ಬಾಯಿಯವಳು ತಟ್ಟೆಯಲ್ಲಿದ್ದುದನ್ನು ಒಂದೂ ಬಿಡದೆ ಉಂಡಳು.

ಅದಾದ ಹದಿನೈದು ದಿನಕ್ಕೆ ನಿಮ್ಮ ಅಮ್ಮ ಕೂಸಿನ ಜೊತೆ ಬಂದಳು. ಬರುವ ಸುದ್ದಿ ಪ್ರಸಾದನಿಗೂ ಎರಡೇ ದಿನ ಮುಂಚೆ ತಿಳಿದದ್ದು. ನಾನು ಶಾವಿಗೆ ಒತ್ತಿ ಇಟ್ಟಿದ್ದೆ. ಅವಳು ಉಂಡಳು. ಕೈ ತೊಳೆದು ಸೀದಾ ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳ ತೆಗೆದಳು. ಮತ್ತೆ ಖಾಲಿ.

"ಎಮ್ಮೆ?" ಎಂದು ಕೇಳಿದಳು.

"ಇಲ್ಲ ಕಣವ್ವ. ಮನುಷ್ಯರು. ಬೀದಿಯೋರೆಲ್ಲ."

ಅವಳು ಮುಚ್ಚಳ ಮುಚ್ಚಿದಳು. ನಕ್ಕಳೆಂದು ನನ್ನ ನೆನಪು. ಅವಳು ನಗಲಿಲ್ಲ ಎಂದು ಪ್ರಸಾದ ಹೇಳುತ್ತಾನೆ. ಆಮೇಲೆ ಆ ವಿಷಯ ಅವಳು ಎಂದೂ ಎತ್ತಲಿಲ್ಲ, ಚಿಕ್ಕವನು ಹುಟ್ಟಿದಾಗಲೂ ಎತ್ತಲಿಲ್ಲ. ಈಗ ಅವಳ ಕನ್ನಡ ನನ್ನ ಕನ್ನಡಕ್ಕಿಂತ ಜೋರು. ಕೇಳಿದರೆ ಹೇಳಿಯಾಳು. ನಾನು ಕೇಳಿಲ್ಲ.

ಇಷ್ಟು ವರ್ಷಕ್ಕೆ ನಾನು ಎಲ್ಲಿಯವಳಾದೆನೋ ತಿಳಿಯದು. ಊರಿಗೆ ಹೋದರೆ ವಾರಗಿತ್ತಿ, "ಪಟ್ನದೋರು ಬಂದ್ರು" ಎನ್ನುತ್ತಾಳೆ. ಇಲ್ಲಿ ಬೀದಿಯವರಿಗೆ ನಾನಿನ್ನೂ ಮೊಳಕಾಲ್ಮುರು ಕಡೆಯ ಅಜ್ಜಿ. ಅಲ್ಲಿ ಮಲಗಿದರೆ ಇಲ್ಲಿ ಕರೆಂಟು ಹೋಗಿದೆಯೇನೋ ಎಂದು ಎಚ್ಚರವಾಗುತ್ತದೆ. ಇಲ್ಲಿ ಮಲಗಿದರೆ ಅಲ್ಲಿಯ ಮಾಳಿಗೆಗೆ ಮಳೆಗೆ ಸೋರದಂತೆ ಕರಲುಮಣ್ಣು ಹಾಕಿಸಿದರೋ ಇಲ್ಲವೋ ಎಂದು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣವಿದೆ. ನಿಮ್ಮ ಲಾವ್‌ಲಾವ್ ಬರುತ್ತಿದ್ದಾರೆ. ಆ ಬಾಣಂತನದ ನಂತರ ಇದೇ ಮೊದಲ ಸಲ. ಅವರು ನಾಲ್ಕು ದಿನ ಕೂತು ಮಾಡಿದ್ದನ್ನು ಮಗಳು ಉಂಡಳೆಂದೇ ಅವರು ತಿಳಿದಿದ್ದಾರಂತೆ. ನಿಮ್ಮ ಅಮ್ಮ ಅವರಿಗೆ ಹೇಳಿಲ್ಲವೆಂದು ಪ್ರಸಾದ ಹೇಳಿದ. ಯಾಕೆ ಹೇಳಲಿಲ್ಲ? ತಾಯಿ ನೊಂದಾರೆಂದೋ, ನನ್ನ ಮಾನ ಉಳಿಯಲೆಂದೋ? ಎರಡನೆಯದೇ ಆಗಿದ್ದರೆ ನಾನು ಇಷ್ಟು ವರ್ಷ ಯಾವುದಕ್ಕೆ ಹೆದರಿಕೊಂಡಿದ್ದೆ?

ಆ ಹೆಂಗಸಿನ ಎದುರು ಕೂತು ನಾನೇ ಹೇಳಬೇಕೆಂದು ಒಂದು ಮನಸ್ಸು. ಆದರೆ ಮಾತು ನಿಮ್ಮದು. ಎರಡೂ ಭಾಷೆ ಬರುವವರಲ್ಲಿ ನಾನು ನಾಚದೆ ಕೇಳಬಹುದಾದವರು ನೀವೇ. ಎಮ್ಮೆ ಎಂಬ ಮಾತಿಗೆ ಅವರಲ್ಲಿ ಏನೆನ್ನುತ್ತಾರೋ, ತಪ್ಪಾಯಿತು ಎಂಬುದನ್ನು ಯಾವ ದನಿಯಲ್ಲಿ ಹೇಳುತ್ತಾರೋ ನೀವು ಬಲ್ಲಿರಿ. ಓದಿ ಹೇಳುವುದೋ ಮಡಿಸಿ ಇಡುವುದೋ ನೋಡಿ.

ಅವರು ಬರುವುದು ಭಾನುವಾರ. ಶನಿವಾರ ಬೆಳಗಿನ ಬಸ್ಸಿಗೆ ಊರಿಗೆ ಹೋಗುತ್ತೇನೆಂದು ಪ್ರಸಾದನಿಗೆ ಹೇಳಿ, ಎರಡು ಸೀರೆ ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಇಟ್ಟಿದ್ದೇನೆ. ಶನಿವಾರ ಸಂಜೆಗೆ ಐದು ಕಟ್ಟು ಸಬ್ಬಸಿಗೆ ತಂದುಕೊಡು ಎಂದು ತಿಪ್ಪಮ್ಮನಿಗೂ ಹೇಳಿದ್ದೇನೆ.